ಫ್ಲ್ಯಾಗ್ ಆಫೀಸರ್: ಹಡಗಿನ ಮೇಲೆ ಸ್ವಂತ ಬಾವುಟ ಹಾರಿಸುವವರು

ಕಾರವಾರದ ಸುದ್ದಿ ಓದುವವರಿಗೆ ‘ಫ್ಲ್ಯಾಗ್ ಆಫೀಸರ್’ ಎಂಬ ಮಾತು ಹೊಸದಲ್ಲ. ನಮ್ಮ ನೌಕಾಪಡೆಯ ಕರ್ನಾಟಕ ವಲಯದ ಮುಖ್ಯಸ್ಥರನ್ನು ಹಾಗೆ ಕರೆಯುತ್ತಾರೆ. ಈ ಹೆಸರು ಬಂದದ್ದು ಬ್ರಿಟನ್ನಿನ ರಾಯಲ್ ನೇವಿಯಿಂದ. ಅಲ್ಲಿ ದೊಡ್ಡ ಉಕ್ಕಿನ ಬ್ಯಾಟಲ್‌ಶಿಪ್‌ಗಳು ಕಡಲಾಳುತ್ತಿದ್ದ ಕಾಲದಲ್ಲಿ, ಅಂದರೆ 19ನೇ ಶತಮಾನದ ಕೊನೆಯಿಂದ ಎರಡನೇ ಮಹಾಯುದ್ಧದವರೆಗೆ, ನೌಕಾಧಿಕಾರಿಯ ಬದುಕೆಲ್ಲ ಸುತ್ತುತ್ತಿದ್ದದ್ದು ಈ ಒಂದು ದರ್ಜೆಯ ಸುತ್ತ.

ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್, ಅಡ್ಮಿರಲ್, ಎಲ್ಲಕ್ಕಿಂತ ಮೇಲೆ ಅಡ್ಮಿರಲ್ ಆಫ್ ದಿ ಫ್ಲೀಟ್. ಈ ನಾಲ್ವರೂ ಫ್ಲ್ಯಾಗ್ ಆಫೀಸರ್‌ಗಳು. ತಾವಿರುವ ಹಡಗಿನ ಕಂಬದ ಮೇಲೆ ತಮ್ಮ ದರ್ಜೆಯ ಬಾವುಟ ಹಾರಿಸುವ ಹಕ್ಕು ಇವರಿಗಿದೆ. ಅಡ್ಮಿರಲ್‌ನದು ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ. 2022ರವರೆಗೆ ನಮ್ಮ ನೌಕಾಪಡೆಯ ಧ್ವಜದಲ್ಲೂ ಇದ್ದದ್ದು ಅದೇ ಶಿಲುಬೆ. ವೈಸ್ ಅಡ್ಮಿರಲ್ ಬಾವುಟದಲ್ಲಿ ಶಿಲುಬೆಯ ಜೊತೆ ಒಂದು ಕೆಂಪು ಚೆಂಡು, ರಿಯರ್ ಅಡ್ಮಿರಲ್‌ನದರಲ್ಲಿ ಎರಡು. ಚೆಂಡು ಕಡಿಮೆಯಾದಷ್ಟೂ ಮನುಷ್ಯ ದೊಡ್ಡವನು!

ಬಾವುಟ ಬರೀ ಶೋಕಿಗಲ್ಲ. ಅಪ್ಪಣೆ ಎಲ್ಲಿಂದ ಬರುತ್ತದೆ ಎಂದು ಉಳಿದ ಹಡಗುಗಳಿಗೆ ಅದರಿಂದಲೇ ಗೊತ್ತಾಗಬೇಕು. ಬಾವುಟ ಇರುವ ಹಡಗೇ ಫ್ಲ್ಯಾಗ್‌ಶಿಪ್. ಆದರೆ ಆ ಹಡಗನ್ನು ನಡೆಸುವುದು ಅಡ್ಮಿರಲ್ ಅಲ್ಲ. ಅದಕ್ಕೆ ಫ್ಲ್ಯಾಗ್ ಕ್ಯಾಪ್ಟನ್ ಎಂಬ ಬೇರೆ ಅಧಿಕಾರಿ ಇರುತ್ತಾನೆ. ಅಡ್ಮಿರಲ್ ನಡೆಸುವುದು ಇಡೀ ಪಡೆಯನ್ನು. ಅವನ ಸಂದೇಶಗಳನ್ನು ಸಿಗ್ನಲ್ ಬಾವುಟಗಳಿಗೆ ಇಳಿಸುವವನು ಫ್ಲ್ಯಾಗ್ ಲೆಫ್ಟಿನೆಂಟ್. ಚಿಕ್ಕ ಹುದ್ದೆ ಅನ್ನಿಸಬಹುದು. ಆದರೆ ಮೊದಲ ಮಹಾಯುದ್ಧದ ಬ್ರಿಟಿಷ್ ಅಡ್ಮಿರಲ್ ಡೇವಿಡ್ ಬೀಟಿಯ ಫ್ಲ್ಯಾಗ್ ಲೆಫ್ಟಿನೆಂಟ್ ರಾಲ್ಫ್ ಸೀಮೋರ್ ಸಿಗ್ನಲ್‌ಗಳಲ್ಲಿ ಮಾಡಿದ ಗೊಂದಲದಿಂದ 1915ರ ಡಾಗರ್ ಬ್ಯಾಂಕ್ ಕದನದಲ್ಲಿ ಜರ್ಮನ್ ಹಡಗುಗಳು ಕೈತಪ್ಪಿ ಹೋದವು. ಆಮೇಲೂ ಸೀಮೋರ್ ಅದೇ ಜಾಗದಲ್ಲೇ ಉಳಿದ. ಅಡ್ಮಿರಲ್‌ನ ಆಪ್ತ ಬಳಗ ಅಂದರೆ ಹಾಗೆಯೇ.

ಈ ಬಾವುಟದವರೆಗೆ ಬರುವುದು ಹೇಗೆ? ಮೊದಲನೆಯದಾಗಿ, ತೀರಾ ಚಿಕ್ಕ ವಯಸ್ಸಿನಲ್ಲೇ ಹೊರಡಬೇಕು. ಮುಂದೆ ರಾಯಲ್ ನೇವಿಯ ಮುಖ್ಯಸ್ಥನಾದ ಜಾಕಿ ಫಿಷರ್ 1854ರಲ್ಲಿ ನೌಕಾಪಡೆ ಸೇರಿದಾಗ 13 ವರ್ಷ. ಜಾನ್ ಜೆಲಿಕೋ 1872ರಲ್ಲಿ ‘ಬ್ರಿಟಾನಿಯಾ’ ಎಂಬ ತರಬೇತಿ ಹಡಗು ಹತ್ತಿದಾಗ 12. ಅಲ್ಲಿಂದ ಮಿಡ್‌ಶಿಪ್‌ಮನ್, ಲೆಫ್ಟಿನೆಂಟ್, ಕಮಾಂಡರ್. ನಂತರ ಬರುವ ಕ್ಯಾಪ್ಟನ್ ಬಡ್ತಿಯೇ ನಿಜವಾದ ಜರಡಿ. ಇಲ್ಲಿಯವರೆಗೆ ಆರಿಸಿ ಬಡ್ತಿ ಕೊಡುತ್ತಿದ್ದರು. ಕೆಲಸ, ಹೆಸರು, ಮೇಲಿನವರ ಕೃಪೆ ಎಲ್ಲ ಲೆಕ್ಕಕ್ಕೆ ಬರುತ್ತಿತ್ತು. ಕ್ಯಾಪ್ಟನ್ ಆದ ಮೇಲೆ ಮಾತ್ರ ಆಟವೇ ಬೇರೆ. ಮುಂದಿನದು ನಮ್ಮ ಸರ್ಕಾರಿ ಕಚೇರಿಯ ಸೀನಿಯಾರಿಟಿ ಲಿಸ್ಟ್ ಇದ್ದ ಹಾಗೆ. ಮೇಲಿನವರು ರಿಟೈರ್ ಆಗಬೇಕು ಅಥವಾ ತೀರಿಕೊಳ್ಳಬೇಕು, ಆಗ ನಿಮ್ಮ ಹೆಸರು ಒಂದು ಸಾಲು ಮೇಲೇರುತ್ತದೆ. ಪಟ್ಟಿಯ ತುದಿಗೆ ಬಂದವನು ರಿಯರ್ ಅಡ್ಮಿರಲ್.

ಆದ್ದರಿಂದ ಬುದ್ಧಿವಂತರು ಕ್ಯಾಪ್ಟನ್ ಪಟ್ಟಿಗೆ ಆದಷ್ಟು ಬೇಗ ಸೇರಲು ನೋಡುತ್ತಿದ್ದರು. ಜೆಲಿಕೋ 37ಕ್ಕೆ ಕ್ಯಾಪ್ಟನ್ ಆದ, 47ಕ್ಕೆ ರಿಯರ್ ಅಡ್ಮಿರಲ್. ಬೀಟಿಯದು ಇನ್ನೂ ಜೋರು. ಸುಡಾನಿನಲ್ಲಿ ನೈಲ್ ನದಿಯ ಗನ್‌ಬೋಟ್‌ಗಳಲ್ಲಿ, ಆಮೇಲೆ ಚೀನಾದ ಬಾಕ್ಸರ್ ದಂಗೆಯಲ್ಲಿ ಹೆಸರು ಮಾಡಿ 1900ರಲ್ಲಿ, 29ನೇ ವಯಸ್ಸಿಗೇ ಕ್ಯಾಪ್ಟನ್ ಆಗಿಬಿಟ್ಟ. ಮುಂದೆ ಒಂದು ತೊಡಕು ಬಂತು. ಬಾವುಟ ಸಿಗಬೇಕಾದರೆ ಕ್ಯಾಪ್ಟನ್ ಆಗಿ ಇಷ್ಟು ವರ್ಷ ಕಡಲಿನಲ್ಲಿ ಕಳೆದಿರಬೇಕು ಎಂಬ ನಿಯಮವಿತ್ತು. ಬೀಟಿ ಗಾಯದ ರಜೆ, ದಡದ ಮೇಲಿನ ಹುದ್ದೆ ಅಂತ ಹೊತ್ತು ಕಳೆದಿದ್ದ. ಪಟ್ಟಿಯ ತುದಿ ಬಂತು, ಲೆಕ್ಕ ತುಂಬಿರಲಿಲ್ಲ. ಅವನಿಗಾಗಿಯೇ ರಾಜಾಜ್ಞೆ ಹೊರಡಿಸಿ 1910ರ ಜನವರಿ 1ರಂದು ರಿಯರ್ ಅಡ್ಮಿರಲ್ ಮಾಡಿದರು. ಆಗ ಅವನಿಗೆ 38 ವರ್ಷ.

ಬಾವುಟದ ದರ್ಜೆ ಸಿಕ್ಕಿತೆಂದರೆ ಕೆಲಸವೂ ಸಿಕ್ಕಿತು ಅಂತಲ್ಲ. ಅಡ್ಮಿರಲ್‌ಗಳು ಜಾಸ್ತಿ, ಪಡೆಗಳು ಕಡಿಮೆ. ಹುದ್ದೆ ಇಲ್ಲದವರು ‘ಹಾಫ್ ಪೇ’, ಅಂದರೆ ಇಳಿಸಿದ ಸಂಬಳದ ಮೇಲೆ ಮನೆಯಲ್ಲಿ ಕಾಯಬೇಕು. ಬೀಟಿಗೆ ಅಟ್ಲಾಂಟಿಕ್ ಫ್ಲೀಟ್‌ನಲ್ಲಿ ಎರಡನೇ ಸ್ಥಾನ ಕೊಟ್ಟರು, ಒಲ್ಲೆ ಎಂದ. ಹೆಂಡತಿ ಷಿಕಾಗೋದ ಕೋಟ್ಯಧಿಪತಿ ಮಾರ್ಷಲ್ ಫೀಲ್ಡ್‌ನ ಮಗಳು, ಹಾಗಾಗಿ ಒಲ್ಲೆ ಎನ್ನುವುದು ಅವನಿಗೆ ಸುಲಭವಿತ್ತು. ಬೇರೆಯವರಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನೌಕಾ ಇಲಾಖೆಗೆ ಮಂತ್ರಿಯಾಗಿ ಬಂದ ಚರ್ಚಿಲ್ ಅವನನ್ನು ಕಾರ್ಯದರ್ಶಿಯಾಗಿ ಕರೆದುಕೊಂಡ. 1913ರಲ್ಲಿ ಬ್ಯಾಟಲ್‌ಕ್ರೂಸರ್‌ಗಳ, ಅಂದರೆ ವೇಗದ ದೊಡ್ಡ ಯುದ್ಧನೌಕೆಗಳ ಪಡೆಯೇ ಬೀಟಿಯ ಕೈಗೆ ಬಂತು.

ಪಟ್ಟಿ ಕೆಲವೊಮ್ಮೆ ತಮಾಷೆಯನ್ನೂ ಹುಟ್ಟಿಸುತ್ತಿತ್ತು. 1870ರಲ್ಲಿ ವಯಸ್ಸಾದವರನ್ನು ಕಡ್ಡಾಯವಾಗಿ ನಿವೃತ್ತಿ ಮಾಡುವ ಯೋಜನೆ ಬಂತು. ಆದರೆ ಫ್ರಾನ್ಸ್ ಜೊತೆಗಿನ ಹಳೆಯ ಯುದ್ಧದಲ್ಲಿ ಹಡಗು ನಡೆಸಿದವರಿಗೆ ವಿನಾಯಿತಿ ಇತ್ತು. ಪ್ರೊವೊ ವಾಲಿಸ್ ಎಂಬವರು 1813ರಲ್ಲಿ ಕ್ಯಾಪ್ಟನ್ ಗಾಯಗೊಂಡಿದ್ದರಿಂದ ‘ಷಾನನ್’ ಹಡಗನ್ನು ಕೆಲವೇ ದಿನ ನಡೆಸಿದ್ದರು. ಅಷ್ಟು ಸಾಕಾಯಿತು. 1892ರಲ್ಲಿ ನೂರು ವರ್ಷ ದಾಟಿ ತೀರಿಕೊಳ್ಳುವಾಗಲೂ ಅವರು ಸೇವೆಯಲ್ಲಿರುವ ಅಡ್ಮಿರಲ್ ಆಫ್ ದಿ ಫ್ಲೀಟ್!

ಹಿರಿತನಕ್ಕೆ ಇಷ್ಟು ಬೆಲೆ ಕೊಟ್ಟ ಪಡೆಯಲ್ಲಿ ಬಾವುಟದ ಮಾತನ್ನು ಪ್ರಶ್ನಿಸುವುದು ಕಷ್ಟ. 1893ರ ಜೂನ್ 22ರಂದು ಮೆಡಿಟರೇನಿಯನ್‌ನಲ್ಲಿ, ಇಂದಿನ ಲೆಬನಾನ್‌ನ ಟ್ರಿಪೋಲಿ ಕಡಲತೀರದ ಹತ್ತಿರ, ವೈಸ್ ಅಡ್ಮಿರಲ್ ಜಾರ್ಜ್ ಟ್ರಯನ್ ಎರಡು ಸಾಲಿನಲ್ಲಿ ಸಾಗುತ್ತಿದ್ದ ಹಡಗುಗಳಿಗೆ ಒಳಮುಖವಾಗಿ ತಿರುಗಲು ಹೇಳಿದ. ಸಾಲುಗಳ ನಡುವೆ ಅಷ್ಟು ಜಾಗವೇ ಇರಲಿಲ್ಲ. ಇನ್ನೊಂದು ಸಾಲಿನ ಮುಂದಿದ್ದ ರಿಯರ್ ಅಡ್ಮಿರಲ್ ಮಾರ್ಕಮ್‌ಗೆ ಅನುಮಾನ ಬಂದು ತಡಮಾಡಿದ. ಯಾಕೆ ಕಾಯುತ್ತಿದ್ದೀರಿ ಎಂದು ಎಲ್ಲರೂ ನೋಡುವಂತೆ ಸಿಗ್ನಲ್ ಬಂತು. ಮಾರ್ಕಮ್ ತಿರುಗಿದ. ಅವನ ‘ಕ್ಯಾಂಪರ್‌ಡೌನ್’ ಹಡಗು ಫ್ಲ್ಯಾಗ್‌ಶಿಪ್ ‘ವಿಕ್ಟೋರಿಯಾ’ಕ್ಕೆ ಗುದ್ದಿತು. ಟ್ರಯನ್ ಸೇರಿ 358 ಜನ ಮುಳುಗಿದರು. ಅದೇ ಹಡಗಿನಲ್ಲಿ ಜ್ವರದಿಂದ ಮಲಗಿದ್ದ ಜೆಲಿಕೋ ಹೇಗೋ ಬದುಕಿಕೊಂಡ.

ಅದೇ ಜೆಲಿಕೋ 1914ರ ಆಗಸ್ಟ್ 4ರಂದು ಬ್ರಿಟನ್ನಿನ ಮುಖ್ಯ ಯುದ್ಧಪಡೆಯಾದ ಗ್ರ್ಯಾಂಡ್ ಫ್ಲೀಟ್‌ನ ಮುಖ್ಯಸ್ಥನಾದ. ಅದು ನಡೆದದ್ದೂ ಪಟ್ಟಿಯ ಲೆಕ್ಕ ಮೀರಿಯೇ. ಫಿಷರ್ ವರ್ಷಗಟ್ಟಲೆ ಅವನನ್ನು ಈ ಜಾಗಕ್ಕೆಂದೇ ಬೆಳೆಸಿದ್ದ. ಆಗ ಮುಖ್ಯಸ್ಥರಾಗಿದ್ದ ಜಾರ್ಜ್ ಕ್ಯಾಲಹನ್‌ಗೆ ವಯಸ್ಸು ಅರವತ್ತು ದಾಟಿತ್ತು. ಯುದ್ಧ ಶುರುವಾಗುವ ಹೊತ್ತಿಗೇ ಅವರನ್ನು ಇಳಿಸಿದರು. ಹೀಗೆ ಮಾಡಬೇಡಿ ಎಂದು ಜೆಲಿಕೋ ತಂತಿಯ ಮೇಲೆ ತಂತಿ ಕಳಿಸಿದ. ಯಾರೂ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಆ ವ್ಯವಸ್ಥೆಯ ಅಸಲಿ ಗುಟ್ಟು ಇದು: ಬಾವುಟ ಕೊಡುವುದು ಸರದಿ, ಆದರೆ ಯುದ್ಧ ಬಂದಾಗ ಬಾವುಟ ಯಾವ ಹಡಗಿನ ಮೇಲೆ ಏರಬೇಕು ಎಂದು ತೀರ್ಮಾನಿಸುವುದು ಬೆರಳೆಣಿಕೆಯ ಜನ.

ಎರಡನೇ ಮಹಾಯುದ್ಧದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಜೇಮ್ಸ್ ಸಾಮರ್‌ವಿಲ್ ಅವರನ್ನು ಕ್ಷಯದ ಕಾರಣಕ್ಕೆ 1939ರಲ್ಲಿ ನಿವೃತ್ತರ ಪಟ್ಟಿಗೆ ಹಾಕಿದ್ದರು. ವಾಪಸ್ ಕರೆದು ಜಿಬ್ರಾಲ್ಟರ್‌ನ ‘ಫೋರ್ಸ್ ಎಚ್’ ಕೊಟ್ಟರು, 1942ರಲ್ಲಿ ಹಿಂದೂ ಮಹಾಸಾಗರದ ಈಸ್ಟರ್ನ್ ಫ್ಲೀಟ್ ಕೊಟ್ಟರು. ಬರ್ಟ್ರಮ್ ರಾಮ್ಸೆ 1938ರಲ್ಲೇ ನಿವೃತ್ತರಾಗಿದ್ದರು. 1940ರಲ್ಲಿ ಡನ್‌ಕರ್ಕ್‌ನಿಂದ 3,38,000 ಸೈನಿಕರನ್ನು ಕಡಲು ದಾಟಿಸಿದ ಕಾರ್ಯಾಚರಣೆ ನಡೆಸಿದ್ದು ಅವರೇ. ಅವರ ಹೆಸರು ಮತ್ತೆ ಸೇವೆಯ ಪಟ್ಟಿಗೆ ಏರಿದ್ದು 1944ರ ಏಪ್ರಿಲ್‌ನಲ್ಲಿ, ನಾರ್ಮಂಡಿ ದಾಳಿಗೆ ಕೆಲವೇ ವಾರ ಮುಂಚೆ.