ಸಹಿ ಹಾಕುವ ಮೊದಲು ನೋಡಬೇಕಾದದ್ದು

ಕಲಾ ಇತಿಹಾಸ ಓದುತ್ತಿರುವ ವಿದ್ಯಾರ್ಥಿಗಳು, ಕಲಾ ವಸ್ತುಸಂಗ್ರಹಾಲಯದ ನಿರ್ದೇಶಕರಾಗಲು ಏನು ಓದಬೇಕು, ಯಾವ ಹುದ್ದೆಯಿಂದ ಆರಂಭಿಸಬೇಕು ಎಂದು ನನ್ನನ್ನು ಕೇಳುವುದುಂಟು. ಅವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಪ್ರದರ್ಶನದ ಉದ್ಘಾಟನೆ, ಕಲಾವಿದರ ಒಡನಾಟ, ಯಾವ ಚಿತ್ರ ಯಾವ ಗೋಡೆಗೆ ಎಂದು ನಿರ್ಧರಿಸುವ ಅಧಿಕಾರ. ಇವೆಲ್ಲ ಈ ವೃತ್ತಿಯಲ್ಲಿ ಇದ್ದೇ ಇವೆ. ಆದರೆ ಮೂರು ದಶಕ ಈ ಕೆಲಸದಲ್ಲಿದ್ದು, ಕೊನೆಯ ಹನ್ನೊಂದು ವರ್ಷ ನಿರ್ದೇಶಕರ ಕೊಠಡಿಯಲ್ಲಿ ಕಳೆದ ನನಗೆ ಆ ಹುದ್ದೆಯ ತಿರುಳು ಬೇರೆಡೆ ಕಾಣುತ್ತದೆ. ವಸ್ತುವೊಂದು ಸಂಗ್ರಹಕ್ಕೆ ಬರುವಾಗ, ಎರವಲಾಗಿ ಹೊರಗೆ ಹೋಗುವಾಗ, ಗೋಡೆಗೇರುವಾಗ, ಅಪರೂಪಕ್ಕೆ ಸಂಗ್ರಹವನ್ನೇ ಬಿಟ್ಟು ಹೋಗುವಾಗ, ಕಾಗದದ ಕೊನೆಯಲ್ಲಿ ಬೀಳುವ ಸಹಿ ನಿರ್ದೇಶಕರದು. ಆ ಸಹಿಯ ಪರಿಣಾಮ ಅವರ ನಿವೃತ್ತಿಯ ನಂತರವೂ, ಎಷ್ಟೋ ಸಲ ಅವರ ಆಯುಷ್ಯದ ನಂತರವೂ ಉಳಿಯುತ್ತದೆ.

ಇದನ್ನು ನಾನು ಕಲಿತದ್ದು ರಿಜಿಸ್ಟ್ರಾರ್, ಅಂದರೆ ಸಂಗ್ರಹಾಲಯದ ವಸ್ತುಗಳ ದಾಖಲೆ, ಓಡಾಟಗಳನ್ನು ನೋಡಿಕೊಳ್ಳುವವ, ಆಗಿದ್ದ ಕಾಲದಲ್ಲಿ. ಬೇರೊಂದು ಸಂಗ್ರಹಾಲಯದಿಂದ ತೈಲಚಿತ್ರವೊಂದು ಎರವಲಾಗಿ ಬಂದಿತ್ತು. ಇಂಥ ಪೆಟ್ಟಿಗೆಯನ್ನು ಬಂದ ಕೂಡಲೇ ತೆರೆಯುವುದಿಲ್ಲ. ಒಳಗಿನ ಉಷ್ಣತೆ, ತೇವಾಂಶಗಳು ಕೋಣೆಯ ಗಾಳಿಗೆ ನಿಧಾನವಾಗಿ ಹೊಂದಿಕೊಳ್ಳಲೆಂದು ಸಾಮಾನ್ಯವಾಗಿ 24 ಗಂಟೆ ಹಾಗೆಯೇ ಬಿಡುತ್ತೇವೆ. ಮರುದಿನ ತಿರುಪುಗಳನ್ನು ಬಿಚ್ಚಿ ಚಿತ್ರವನ್ನು ಮೇಜಿನ ಮೇಲೆ ಮಲಗಿಸಿದ ಮೇಲೆ, ಸಂರಕ್ಷಣಾ ತಜ್ಞರು ಟಾರ್ಚನ್ನು ಚಿತ್ರದ ಮೇಲ್ಮೈಗೆ ಸಮವಾಗಿ, ಪಕ್ಕದಿಂದ ಹಿಡಿದರು. ಹಾಗೆ ಓರೆಯಾಗಿ ಬೀಳುವ ಬೆಳಕಿನಲ್ಲಿ ಬಣ್ಣದ ಪದರದ ಉಬ್ಬುಗಳೂ ಬಿರುಕುಗಳೂ ತಮ್ಮ ನೆರಳಿನಿಂದಲೇ ಎದ್ದು ಕಾಣುತ್ತವೆ. ಎಡಗಡೆಯ ಕೆಳಮೂಲೆಯಲ್ಲಿ ಉಗುರಿನುದ್ದದ, ಕೂದಲೆಳೆಯಂಥ ಬಿರುಕೊಂದು ಕಂಡಿತು. ಕಳುಹಿಸಿದವರ ಸ್ಥಿತಿ ವರದಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅಂದು ಸಂಜೆಯೇ ಉದ್ಘಾಟನೆ, ಆಹ್ವಾನ ಪತ್ರಿಕೆಯ ಮೇಲೆ ಅಚ್ಚಾಗಿದ್ದದ್ದೂ ಅದೇ ಚಿತ್ರ.

ಆಗಿನ ನಮ್ಮ ನಿರ್ದೇಶಕರು ಬಂದು, ಯಾರನ್ನೂ ಏನನ್ನೂ ಕೇಳದೆ ಟಾರ್ಚ್ ಇಸಿದುಕೊಂಡು ಹತ್ತು ನಿಮಿಷ ಬಗ್ಗಿ ನೋಡಿದರು. ಆಮೇಲೆ, ಕಳುಹಿಸಿದವರಿಂದ ಉತ್ತರ ಬರುವವರೆಗೆ ಚಿತ್ರವನ್ನು ಏರಿಸುವುದು ಬೇಡವೆಂದರು. ಆ ಸಂಜೆ ಮುಖ್ಯ ಗೋಡೆ ಖಾಲಿಯಾಗಿಯೇ ಇತ್ತು, ಬಂದ ಅತಿಥಿಗಳಿಗೆ ಅದರ ಕಾರಣವನ್ನು ಅವರೇ ನಿಂತು ವಿವರಿಸಿದರು. ಎರಡು ದಿನಗಳ ನಂತರ ಉತ್ತರ ಬಂತು: ಹಳೆಯ ಛಾಯಾಚಿತ್ರವೊಂದರಲ್ಲಿ ಬಿರುಕು ಮೊದಲೇ ಇತ್ತು, ವರದಿ ಬರೆದವರ ಕಣ್ತಪ್ಪಿತ್ತು, ಅಷ್ಟೆ. ನನಗೆ ನಿರಾಳವಾಯಿತು, ಜೊತೆಗೆ ಅಷ್ಟೆಲ್ಲ ಮುಜುಗರ ವ್ಯರ್ಥವಾಯಿತಲ್ಲ ಎಂದೂ ಅನ್ನಿಸಿತು. ಅವರಿಗೆ ಹಾಗೆ ಅನ್ನಿಸಲಿಲ್ಲ. ವರದಿಗೆ ತಿದ್ದುಪಡಿ ಸೇರಿಸಿ, ಎರಡೂ ಕಡೆಯವರು ಒಪ್ಪಿದ್ದನ್ನು ಖಚಿತಪಡಿಸಿಕೊಂಡು, ಆಮೇಲೆ ಸಹಿ ಹಾಕಿದರು.

ಈ ಹುದ್ದೆಗೆ ಒಂದೇ ದಾರಿ ಎಂಬುದಿಲ್ಲ. ಬಹುಪಾಲು ಜನ ಕ್ಯುರೇಟರ್ ಆಗಿ, ಅಂದರೆ ಒಂದು ವಿಭಾಗದ ಸಂಗ್ರಹವನ್ನು ಅಧ್ಯಯನ ಮಾಡಿ ನೋಡಿಕೊಳ್ಳುವವರಾಗಿ ಆರಂಭಿಸಿ, ವಿಭಾಗದ ಮುಖ್ಯಸ್ಥರಾಗಿ, ಸಣ್ಣ ಸಂಸ್ಥೆಯೊಂದನ್ನು ನಡೆಸಿ, ಆಮೇಲೆ ದೊಡ್ಡದಕ್ಕೆ ಬರುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ 1963ರಲ್ಲಿ ಕಿರಿಯ ಕ್ಯುರೇಟರ್ ಆಗಿ ಸೇರಿದ ಫಿಲಿಪ್ ದ ಮಾಂಟೆಬೆಲ್ಲೊ ನಡುವೆ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯವನ್ನು ನಡೆಸಿ ಬಂದು, 1977ರಿಂದ 2008ರವರೆಗೆ ಮೆಟ್ರೊಪಾಲಿಟನ್ನಿನ ನಿರ್ದೇಶಕರಾಗಿದ್ದರು. ನೀಲ್ ಮೆಕ್‌ಗ್ರೆಗರ್ ಕಲಾ ಪತ್ರಿಕೆಯೊಂದರ ಸಂಪಾದಕತ್ವದಿಂದ ನೇರವಾಗಿ 1987ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಬಂದರು. ಹಾರ್ವರ್ಡ್‌ನಲ್ಲಿ 1920ರ ದಶಕದ ಆರಂಭದಿಂದ 1948ರವರೆಗೆ ಪಾಲ್ ಸ್ಯಾಕ್ಸ್ ನಡೆಸಿದ ತರಗತಿಯಿಂದ ಅಮೆರಿಕದ ಒಂದು ಇಡೀ ತಲೆಮಾರಿನ ನಿರ್ದೇಶಕರು ಹೊರಬಂದರು. ಕುಟುಂಬದ ಬ್ಯಾಂಕನ್ನು ಬಿಟ್ಟು ಬಂದಿದ್ದ ಸ್ಯಾಕ್ಸ್, ವಿದ್ಯಾರ್ಥಿಗಳ ಕೈಗೆ ವಸ್ತುವನ್ನೇ ಕೊಟ್ಟು ನೋಡಲು ಕಲಿಸುತ್ತಿದ್ದರು; ದಾನಿಗಳು, ಟ್ರಸ್ಟಿಗಳು, ವ್ಯಾಪಾರಿಗಳೊಂದಿಗೆ ವ್ಯವಹರಿಸುವುದನ್ನೂ ಕಲಿಸುತ್ತಿದ್ದರು. ಪದವಿಗಳ ವಿಷಯದಲ್ಲಿ ನಾನು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಸ್ಯಾಕ್ಸ್ ಕಲಿಸಿದ ಈ ಎರಡನ್ನೂ ಎಲ್ಲಿಯಾದರೂ ಕಲಿತಿರಬೇಕು, ಅಷ್ಟೆ.

ಕ್ಯುರೇಟರ್ ಕುರ್ಚಿಯಿಂದ ನಿರ್ದೇಶಕರ ಕುರ್ಚಿಗೆ ಬಂದವರಿಗೆ ಮೊದಲ ವರ್ಷ ಕಷ್ಟವಾಗುವುದೇಕೆ ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕು. ತನ್ನ ವಿಭಾಗದ ಮೇಲಿನ ಪ್ರೀತಿಯೇ ಕ್ಯುರೇಟರಿನ ಬಲ, ಅವರು ಪಕ್ಷಪಾತಿಯಾಗಿಯೇ ವಾದಿಸಬೇಕು. ನಿರ್ದೇಶಕರಿಗೆ ಆ ಸ್ವಾತಂತ್ರ್ಯ ಇಲ್ಲ. ತಾವು ಇಡೀ ಜೀವಮಾನ ಅಧ್ಯಯನ ಮಾಡಿದ ಕಾಲದ ಚಿತ್ರಕ್ಕಿಂತ, ತಮಗೆ ಅಷ್ಟಾಗಿ ರುಚಿಸದ ಇನ್ನೊಂದು ವಿಭಾಗದ ಜವಳಿಗೆ ಈ ವರ್ಷ ಹಣ ಹೋಗಬೇಕೆಂದು ಅವರೇ ಹೇಳಬೇಕಾಗುತ್ತದೆ. ಮೇಲೆ ಟ್ರಸ್ಟಿಗಳ ಮಂಡಳಿ ಅಥವಾ ಸರ್ಕಾರದ ಇಲಾಖೆ ಇರುತ್ತದೆ. ನೇಮಿಸಿದವರಿಗೆ ತೆಗೆದುಹಾಕುವ ಅಧಿಕಾರವೂ ಇರುತ್ತದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ 1929ರಲ್ಲಿ, ತಮ್ಮ 27ನೇ ವಯಸ್ಸಿನಲ್ಲಿ ಮೊದಲ ನಿರ್ದೇಶಕರಾದವರು ಸ್ಯಾಕ್ಸ್ ಅವರ ಶಿಷ್ಯ ಆಲ್ಫ್ರೆಡ್ ಬಾರ್. ಆ ಸಂಸ್ಥೆಗೆ ರೂಪ ಕೊಟ್ಟ ಅವರನ್ನೇ ಮಂಡಳಿ 1943ರಲ್ಲಿ ಹುದ್ದೆಯಿಂದ ಇಳಿಸಿತು. ಬಾರ್ ಸಂಸ್ಥೆಯನ್ನು ಬಿಟ್ಟು ಹೋಗಲಿಲ್ಲ, ಅಲ್ಲಿಯೇ ಉಳಿದು ಬರೆಯುತ್ತಿದ್ದರು. 1947ರಲ್ಲಿ ಸಂಗ್ರಹಗಳ ನಿರ್ದೇಶಕರಾಗಿ, 1967ರವರೆಗೂ ಆ ಸಂಗ್ರಹವನ್ನು ಬೆಳೆಸಿದರು. ಹುದ್ದೆಗೂ ಕೆಲಸಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ವೃತ್ತಿಜೀವನ ನನಗೆ ತಿಳಿದಿಲ್ಲ.

ಸಹಿಗಳಲ್ಲೆಲ್ಲ ಹೆಚ್ಚು ಭಾರವಾದದ್ದು ವಸ್ತುವನ್ನು ಒಳಗೆ ಬರಮಾಡಿಕೊಳ್ಳುವ ಸಹಿ. ಗ್ರೀಕ್ ಪುರಾಣದ ವೀರ ಸಾರ್ಪೆಡಾನನ ಮರಣದ ದೃಶ್ಯವಿರುವ, ಯೂಫ್ರೋನಿಯಸ್ ಚಿತ್ರಿಸಿದ ಗ್ರೀಕ್ ಪಾತ್ರೆಯೊಂದನ್ನು ಥಾಮಸ್ ಹೋವಿಂಗ್ ನಿರ್ದೇಶಕರಾಗಿದ್ದಾಗ, 1972ರಲ್ಲಿ, ಮೆಟ್ರೊಪಾಲಿಟನ್ ಮ್ಯೂಸಿಯಂ ಸುಮಾರು 10 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಾಟವನ್ನು ತಡೆಯುವ ಯುನೆಸ್ಕೊ ಒಪ್ಪಂದ ರೂಪುಗೊಂಡು ಆಗಿನ್ನೂ ಎರಡು ವರ್ಷವಾಗಿತ್ತು. ಪಾತ್ರೆಯ ಒಡೆತನದ ಇತಿಹಾಸವೆಂದು ಮುಂದಿಟ್ಟ ಕಥೆಯನ್ನು ಆಗಲೇ ಅನೇಕರು ನಂಬಿರಲಿಲ್ಲ. ಇಟಲಿಯ ಪ್ರಾಚೀನ ಸಮಾಧಿಯೊಂದರಿಂದ ಕದ್ದು ಅಗೆದದ್ದೆಂಬ ಸಂದೇಹ ಮುಂದೆ ಸಾಕ್ಷ್ಯಗಳಿಂದ ಗಟ್ಟಿಯಾಯಿತು. ಕೊನೆಗೆ 2006ರಲ್ಲಿ ಇಟಲಿಯೊಂದಿಗೆ ಒಪ್ಪಂದವಾಗಿ, 2008ರಲ್ಲಿ ಪಾತ್ರೆ ಮರಳಿ ಹೋಯಿತು. ಕೊಂಡದ್ದು ಒಬ್ಬ ನಿರ್ದೇಶಕರು, ಮೂವತ್ತನಾಲ್ಕು ವರ್ಷಗಳ ನಂತರ ಮರಳಿಸುವ ಮಾತುಕತೆಗೆ ಕುಳಿತದ್ದು ಇನ್ನೊಬ್ಬರು. ಆದ್ದರಿಂದಲೇ ನಾನು ಕ್ಯುರೇಟರುಗಳಿಂದ ವಸ್ತುವಿನ ಸೊಬಗಿನ ವಿವರಣೆಗೆ ಮೊದಲು ಅದು ಯಾರ ಕೈಯಿಂದ ಯಾರ ಕೈಗೆ, ಯಾವ ವರ್ಷ, ಯಾವ ಕಾಗದದೊಂದಿಗೆ ಬಂತು ಎಂಬ ಸರಣಿಯನ್ನು ಕೇಳುತ್ತಿದ್ದೆ. ಸರಣಿಯಲ್ಲಿ ಕೊಂಡಿ ಕಳಚಿದ್ದರೆ, ಅದರಲ್ಲೂ ನಾತ್ಸಿಗಳು ಕಲಾಕೃತಿಗಳನ್ನು ಲೂಟಿ ಮಾಡಿದ 1933ರಿಂದ 1945ರವರೆಗಿನ ಯುರೋಪಿನ ವರ್ಷಗಳಲ್ಲಿ ಕಳಚಿದ್ದರೆ, ಆ ಕೊಂಡಿ ಸಿಗುವವರೆಗೆ ಕಡತ ಮುಂದೆ ಹೋಗುತ್ತಿರಲಿಲ್ಲ. ಕೈತಪ್ಪಿಹೋದ ಎರಡು ಚಿತ್ರಗಳನ್ನು ನೆನೆದರೆ ಇಂದಿಗೂ ನೋವಾಗುತ್ತದೆ. ಆದರೂ ಮತ್ತೆ ಅದೇ ನಿರ್ಧಾರವನ್ನೇ ಮಾಡುತ್ತೇನೆ.

ದಾನವಾಗಿ ಬರುವುದಕ್ಕೂ ಇಷ್ಟೇ ಎಚ್ಚರ ಬೇಕು. ನಿರ್ದೇಶಕ ಹುದ್ದೆಗೆ ಬಂದ ಎರಡನೆಯ ವರ್ಷ, ಒಬ್ಬ ದಾನಿಯ ಸಂಗ್ರಹವನ್ನು ಒಂದೇ ಕೋಣೆಯಲ್ಲಿ, ಒಟ್ಟಾಗಿ, ಶಾಶ್ವತವಾಗಿ ಇಡಬೇಕೆಂಬ ಷರತ್ತಿಗೆ ನಾನು ಒಪ್ಪಿದೆ. ಅದರಲ್ಲಿ ನಾಲ್ಕು ಕೃತಿಗಳು ನಿಜಕ್ಕೂ ಶ್ರೇಷ್ಠವಾಗಿದ್ದವು. ಆ ನಾಲ್ಕರ ಮೋಹದಲ್ಲಿ ಉಳಿದ ಮೂವತ್ತಕ್ಕೂ ಒಪ್ಪಿಗೆ ಕೊಟ್ಟೆ. ಇಂದು ಆ ಕೋಣೆಯಲ್ಲಿ ಏನನ್ನೂ ಬದಲಿಸುವಂತಿಲ್ಲ, ಆ ನಾಲ್ಕನ್ನು ಅವುಗಳ ಸಮಕಾಲೀನ ಕೃತಿಗಳ ಪಕ್ಕದಲ್ಲಿ ಇಡುವಂತಿಲ್ಲ. ತಪ್ಪು ನನ್ನದೇ. ‘ಶಾಶ್ವತವಾಗಿ’ ಎಂಬ ಪದ ಕರಾರಿನಲ್ಲಿ ಕಂಡರೆ, ಅದರ ಜಾಗದಲ್ಲಿ ವರ್ಷಗಳ ಸಂಖ್ಯೆಯೊಂದನ್ನು ಬರೆಸುವವರೆಗೆ ಮಾತುಕತೆ ಬಿಡಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ.

ನಿತ್ಯದ ನಿರ್ಧಾರಗಳಲ್ಲಿ ಹೆಚ್ಚಿನವು ಗಾಳಿ, ಬೆಳಕು, ತೇವಾಂಶಗಳಿಗೆ ಸೇರಿದವು. ಜಲವರ್ಣ, ಜವಳಿ, ಕಾಗದದ ಕೃತಿಗಳಿಗೆ ಸುಮಾರು 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ), ತೈಲಚಿತ್ರಗಳಿಗೆ ಸುಮಾರು 200 ಲಕ್ಸ್ ಬೆಳಕು ಎಂಬುದು ಬಹುಕಾಲದಿಂದ ನಡೆದುಬಂದ ಮಿತಿ. ಬೆಳಕಿನಿಂದ ಮಾಸಿದ ಬಣ್ಣ ಮರಳುವುದಿಲ್ಲವಾದ್ದರಿಂದ, ಕೆಲವು ತಿಂಗಳು ತೋರಿಸಿದ ಕಾಗದದ ಕೃತಿಯನ್ನು ವರ್ಷಗಟ್ಟಲೆ ಕತ್ತಲಲ್ಲಿ ಇಡುವುದು ಅನಿವಾರ್ಯ. ದೂರದಿಂದ ಬಂದ ಪ್ರೇಕ್ಷಕರು ನಿರಾಶರಾಗುತ್ತಾರೆ, ಅವರಿಗೆ ಕಾರಣವನ್ನು ಗೌರವದಿಂದ ಹೇಳುವುದೂ ನಿರ್ದೇಶಕರ ಕೆಲಸವೇ. ತೇವಾಂಶದ ಪಾಠವನ್ನು ನಮ್ಮ ವೃತ್ತಿ ಕಲಿತದ್ದು ಒಂದು ಗಣಿಯಲ್ಲಿ. ಕೆನೆತ್ ಕ್ಲಾರ್ಕ್ ನಿರ್ದೇಶಕರಾಗಿದ್ದಾಗ, 1939ರಲ್ಲಿ ಯುದ್ಧ ಘೋಷಣೆಯಾಗುವ ಮುನ್ನಾದಿನದೊಳಗೆ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಲಂಡನ್ನಿನಿಂದ ಸಾಗಿಸಲಾಗಿತ್ತು. 1941ರಲ್ಲಿ ಅವು ವೇಲ್ಸ್‌ನ ಮ್ಯಾನೊಡ್ ಎಂಬಲ್ಲಿನ ಕಲ್ಲುಗಣಿಯೊಳಗೆ, ಅದಕ್ಕೆಂದೇ ಕಟ್ಟಿದ ಕೋಣೆಗಳಿಗೆ ಸೇರಿದವು. ಅಲ್ಲಿ ಉಷ್ಣತೆ, ತೇವಾಂಶಗಳು ಏರಿಳಿಯದಂತೆ ನೋಡಿಕೊಂಡದ್ದರಿಂದ, ಲಂಡನ್ನಿನಲ್ಲಿ ಆಗಾಗ ಏಳುತ್ತಿದ್ದ ಬಣ್ಣದ ಪದರಗಳು ಸುಮ್ಮನಾದವು. ಯುದ್ಧದ ನಂತರ ಗ್ಯಾಲರಿಗಳಲ್ಲಿ ಹವಾನಿಯಂತ್ರಣ ಬಂದದ್ದರ ಹಿಂದೆ ಈ ಅನುಭವವಿದೆ.

ಪ್ರೇಕ್ಷಕರ ಕಣ್ಣಿಗೆ ಬೀಳದ ದಾಸ್ತಾನಿನ ವಿಷಯಕ್ಕೆ ಬಂದರೆ, ಬ್ರಿಟಿಷ್ ಮ್ಯೂಸಿಯಮ್ಮಿನ ಸುಮಾರು 80 ಲಕ್ಷ ವಸ್ತುಗಳಲ್ಲಿ ಪ್ರದರ್ಶನದಲ್ಲಿರುವುದು ಶೇಕಡಾ 1ರಷ್ಟು ಮಾತ್ರ. ಅಲ್ಲಿ ಸುಮಾರು 2,000 ವಸ್ತುಗಳು ಕಳುವಾಗಿವೆ, ಕಾಣೆಯಾಗಿವೆ ಅಥವಾ ಹಾನಿಗೊಂಡಿವೆ ಎಂಬುದು 2023ರಲ್ಲಿ ಬಯಲಾದಾಗ, 2021ರಲ್ಲೇ ಬಂದ ಎಚ್ಚರಿಕೆಗೆ ತಕ್ಕಂತೆ ಸ್ಪಂದಿಸಲಿಲ್ಲವೆಂದು ಒಪ್ಪಿಕೊಂಡು ನಿರ್ದೇಶಕ ಹಾರ್ಟ್‌ವಿಗ್ ಫಿಶರ್ ರಾಜೀನಾಮೆ ಕೊಟ್ಟರು. ಕಾಣೆಯಾದವುಗಳಲ್ಲಿ ಅನೇಕವು ಪೂರ್ಣವಾಗಿ ದಾಖಲಾಗಿಯೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ವಸ್ತು ಕಳೆದುಹೋದರೆ ಕಳೆದದ್ದೇ ತಿಳಿಯುವುದಿಲ್ಲ. ಆದರೂ ಪಟ್ಟಿ ಮಾಡುವ ಕೆಲಸಕ್ಕೆ ಹಣ ಕೇಳಿದಾಗ ಮಂಡಳಿಯ ಸಭೆಯಲ್ಲಿ ಸಿಗುವ ಉತ್ಸಾಹ, ಹೊಸ ಕಟ್ಟಡಕ್ಕೆ ಕೇಳಿದಾಗ ಸಿಗುವುದರ ಕಾಲು ಭಾಗವೂ ಇರುವುದಿಲ್ಲ. ಹನ್ನೊಂದು ವರ್ಷಗಳಲ್ಲಿ ನಾನು ಹೆಚ್ಚು ಜಗಳವಾಡಿದ್ದು ಇದಕ್ಕಾಗಿಯೇ.

ಹುದ್ದೆ ಬಿಡುವ ವಾರ, ನನ್ನ ನಂತರ ಬಂದವರೂ ನಾನೂ ದಾಸ್ತಾನು ಪುಸ್ತಕದಿಂದ ಚೀಟಿ ಎತ್ತಿ 60 ಸಂಖ್ಯೆಗಳನ್ನು ಆರಿಸಿದೆವು. ಹಸ್ತಾಂತರದ ಕಾಗದಕ್ಕೆ ಸಹಿ ಹಾಕುವ ಮೊದಲು ಅವನ್ನು ಕಣ್ಣಾರೆ ನೋಡಬೇಕೆಂಬುದು ಅವರ ಕೋರಿಕೆಯಾಗಿತ್ತು, ಅದು ನನಗೆ ತುಂಬ ಸಂತೋಷ ಕೊಟ್ಟಿತು. ಕಪಾಟಿನಿಂದ ಕಪಾಟಿಗೆ, ಸೆಳೆಪೆಟ್ಟಿಗೆಯಿಂದ ಸೆಳೆಪೆಟ್ಟಿಗೆಗೆ ತಾಳೆ ನೋಡುತ್ತ ಹೋದೆವು. ಐವತ್ತೊಂಬತ್ತು ತಮ್ಮ ಜಾಗದಲ್ಲಿದ್ದವು. ಅಂಗೈಯಗಲದ ಒಂದು ಪೆನ್ಸಿಲ್ ರೇಖಾಚಿತ್ರ ಮಾತ್ರ ಇರಲಿಲ್ಲ. ಮಧ್ಯಾಹ್ನವೆಲ್ಲ ಹುಡುಕಿದ ಮೇಲೆ ಅದು ಸಂರಕ್ಷಣಾ ಪ್ರಯೋಗಾಲಯದ ಚಪ್ಪಟೆ ಪೆಟ್ಟಿಗೆಯೊಂದರಲ್ಲಿ ಸಿಕ್ಕಿತು. ಹಿಂದಿನ ವರ್ಷ ಅಲ್ಲಿಗೆ ಕಳುಹಿಸಿದಾಗ ಜಾಗ ಬದಲಾವಣೆಯ ಚೀಟಿಯನ್ನು ಯಾರೂ ಪುಸ್ತಕಕ್ಕೆ ಏರಿಸಿರಲಿಲ್ಲ. ಆ ಸಾಲಿನ ಪಕ್ಕದಲ್ಲಿ ತಿದ್ದುಪಡಿ ಬರೆದು, ದಿನಾಂಕ ಹಾಕಿ, ಮೊದಲು ನಾನು, ಆಮೇಲೆ ಅವರು ಸಹಿ ಮಾಡಿದೆವು.