ಕಥೆಯ ನಡುವಿನ ಪ್ರಶ್ನೆ ಮತ್ತು ಮಗುವಿನ ಮಾತು: ಅಧ್ಯಯನ ಟಿಪ್ಪಣಿ

ಚಿಕ್ಕ ಮಕ್ಕಳಿಗೆ ಕಥೆ ಓದುವಾಗ ಪ್ರಶ್ನೆ ಕೇಳಬೇಕೆಂಬುದು ಶಿಶುಶಿಕ್ಷಣ ಓದಿದವರಿಗೆಲ್ಲ ಗೊತ್ತು. ಆದರೆ ನಾವು ಪ್ರಶ್ನೆಯ ವಿಧಗಳನ್ನು ಬಾಯಿಪಾಠ ಮಾಡುತ್ತೇವೆಯೇ ಹೊರತು, ಮಗು ಉತ್ತರಿಸಿದ ಮೇಲೆ ದೊಡ್ಡವರು ಮಾಡಬೇಕಾದುದನ್ನು ಅಷ್ಟಾಗಿ ಗಮನಿಸುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ಈ ಪದ್ಧತಿಯ ತಿರುಳಿರುವುದು ಅಲ್ಲಿಯೇ.

ಇದನ್ನು ಸಂವಾದಾತ್ಮಕ ಓದು ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು–ಮೂರು ವರ್ಷದ ಆಸುಪಾಸಿನ ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ನಡೆಸಿದ ಪ್ರಯೋಗವನ್ನು 1988ರಲ್ಲಿ ಪ್ರಕಟಿಸಿದರು. ಎರಡು ಗುಂಪಿನ ಮನೆಗಳಲ್ಲಿಯೂ ಓದು ನಡೆದಿತ್ತು. ಓದುವ ಕ್ರಮದಲ್ಲಿ ತರಬೇತಿ ದೊರೆತದ್ದು ಒಂದು ಗುಂಪಿನ ಪೋಷಕರಿಗೆ ಮಾತ್ರ. ಆ ಗುಂಪಿನ ಮಕ್ಕಳು ಮಾತಿನ ಅಭಿವ್ಯಕ್ತಿಯಲ್ಲಿ ಮುಂದಾದರು, ಒಂಬತ್ತು ತಿಂಗಳ ನಂತರವೂ ಅಂತರ ಕುಗ್ಗಿದ್ದರೂ ಅಳಿದಿರಲಿಲ್ಲ.

ಈ ಕ್ರಮದಲ್ಲಿ ನಾಲ್ಕು ಹೆಜ್ಜೆಗಳಿವೆ: ಮಗುವನ್ನು ಮಾತಿಗೆ ಎಳೆಯುವುದು, ಅದರ ಉತ್ತರವನ್ನು ಒಪ್ಪುವುದು ಅಥವಾ ತಿದ್ದುವುದು, ಆ ಉತ್ತರವನ್ನು ವಿಸ್ತರಿಸುವುದು, ವಿಸ್ತರಿಸಿದ್ದನ್ನು ಮಗುವಿನ ಬಾಯಲ್ಲಿ ಮತ್ತೆ ಹೇಳಿಸುವುದು. ಚಿತ್ರ ನೋಡಿದ ಮಗು “ನಾಯಿ ಓಡ್ತು” ಎಂದರೆ, “ಹೌದು, ಗುಡುಗಿಗೆ ಹೆದರಿ ನಾಯಿ ಓಡಿಹೋಯಿತು” ಎಂದು ಒಂದೆರಡು ಪದಗಳನ್ನಷ್ಟೇ ಸೇರಿಸಬೇಕು. ಮಗುವಿನ ಮಾತಿಗಿಂತ ಒಂದು ಮೆಟ್ಟಿಲು ಮೇಲಿರುವ ಈ ವಾಕ್ಯವನ್ನು ಮಗು ಎಟುಕಿಸಿಕೊಳ್ಳಬಲ್ಲದು. ನಾಲ್ಕು ಮೆಟ್ಟಿಲು ಮೇಲಿನ ವಿವರಣೆ ಉಪನ್ಯಾಸವಾಗುತ್ತದೆ.

ಪ್ರಶ್ನೆಯ ರೂಪವನ್ನು ನಮ್ಮ ಭಾಷೆಯ ಸ್ವಭಾವಕ್ಕೆ ತಕ್ಕಂತೆ ಯೋಚಿಸುವುದು ಒಳ್ಳೆಯದು. “ಇದು ಆನೆಯಾ?” ಎಂದು ಕೇಳಿದರೆ “ಹ್ಞೂಂ” ಎಂಬುದರಲ್ಲಿಯೇ ಮಾತು ಮುಗಿಯುತ್ತದೆ. “ಆನೆ ಏನು ಮಾಡುತ್ತಿದೆ?” ಎಂಬುದಕ್ಕೆ ಕ್ರಿಯಾಪದ ಬೇಕು. “ಏಕೆ ಅತ್ತಿತು?” ಎಂಬುದಕ್ಕೆ ಉತ್ತರ ಹೇಳಲು ಕಾರಣವನ್ನು ಜೋಡಿಸುವ ವಾಕ್ಯರಚನೆಯೇ ಬೇಕಾಗುವುದರಿಂದ ಅದು ಕಠಿಣ, ಎರಡು ವರ್ಷದ ಮಗು ಸುಮ್ಮನಾದರೆ ಆಶ್ಚರ್ಯಪಡಬೇಕಾಗಿಲ್ಲ. ಇನ್ನು ವಾಕ್ಯ ಪೂರ್ಣಗೊಳಿಸುವ ಪ್ರಶ್ನೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, “ಅಜ್ಜಿ ಬಾಗಿಲು...” ಎಂದು ನಿಲ್ಲಿಸಿದರೆ ಮಗು “ತೆಗೆದಳು” ಎಂದೋ “ತೆಗೆದರು” ಎಂದೋ ಲಿಂಗ, ವಚನ, ಗೌರವ, ಕಾಲಗಳನ್ನು ಒಮ್ಮೆಗೇ ನಿರ್ಧರಿಸಬೇಕಾಗುತ್ತದೆ. ಸುಲಭವೆಂದು ತೋರುವ ಈ ಪ್ರಶ್ನೆಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ.

ಕೇಳಿದ ಮೇಲೆ ಕಾಯಬೇಕು. ಶಾಲಾ ತರಗತಿಗಳನ್ನು ಗಮನಿಸಿದ ಮೇರಿ ಬಡ್ ರೋ, ಶಿಕ್ಷಕರು ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವೆಂದೂ 1970ರ ದಶಕದಲ್ಲಿ ತೋರಿಸಿದರು. ಅವರು ನೋಡಿದ್ದು ದೊಡ್ಡ ಮಕ್ಕಳನ್ನು. ಈಗಷ್ಟೇ ಪದ ಹುಡುಕಲು ಕಲಿಯುತ್ತಿರುವ ಮಗುವಿಗೆ ಆ ಮೌನ ಇನ್ನೂ ಅಗತ್ಯವೆಂದು ನನಗನ್ನಿಸುತ್ತದೆ.

ಪುಟಪುಟಕ್ಕೂ ಪ್ರಶ್ನೆ ಹಾಕಿದರೆ ಕಥೆ ಸತ್ತು ಪರೀಕ್ಷೆ ಉಳಿಯುತ್ತದೆ. ಮೊದಲ ಓದಿನಲ್ಲಿ ಕಥೆಯನ್ನು ಅದರ ಪಾಡಿಗೆ ಸಾಗಲು ಬಿಟ್ಟು ಒಂದೆರಡು ಪ್ರಶ್ನೆಗಳಲ್ಲಿ ನಿಲ್ಲಿಸಬಹುದು. ಅದೇ ಪುಸ್ತಕವನ್ನು ಮತ್ತೆ ಮತ್ತೆ ಓದುವಾಗ “ಆಮೇಲೆ ಏನಾಯಿತು?”, “ನಿನಗೂ ಹೀಗೆ ಹೆದರಿಕೆಯಾಗಿತ್ತಾ, ಯಾವಾಗ?” ಎಂದು ಚಿತ್ರದಿಂದಾಚೆಗೆ ಕರೆದೊಯ್ಯಬಹುದು. ಮಗು ತಾನೇ ಪುಟ ತಿರುವಿ ನಮ್ಮನ್ನು ಪ್ರಶ್ನಿಸತೊಡಗಿದಾಗ, ಉತ್ತರಿಸುವ ಸರದಿ ನಮ್ಮದು.