ಅವಳ ಹೆಸರು ಯಾರ ಕಡತದಲ್ಲಿದೆ?

ಹಳೆಯ ಕನ್ನಡ ಪತ್ರಿಕೆಗಳ ಲೇಖಕರ ಸೂಚಿಯಲ್ಲಿ ಕೊಡಗಿನ ಗೌರಮ್ಮನವರನ್ನು ‘ಗ’ಕಾರದಲ್ಲಿ ಹುಡುಕಿದರೆ ಸಿಗುವ ಖಾತ್ರಿಯಿಲ್ಲ. ಬದುಕಿದ್ದಾಗ ಅವರು ಕತೆಗಳನ್ನು ಪ್ರಕಟಿಸಿದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. 1939ರಲ್ಲಿ, ಇನ್ನೂ 27ರ ಪ್ರಾಯದಲ್ಲೇ ತೀರಿಕೊಂಡರು. ನಾವೀಗ ಬಳಸುವ ಹೆಸರು ಓದುಗರಲ್ಲಿ ನೆಲೆಯಾದದ್ದು ಆಮೇಲೆ ಬಂದ ಸಂಕಲನಗಳಿಂದ. ಸೂಚಿ ಮಾಡಿದವರು ಕಂಡದ್ದನ್ನು ಕಂಡಂತೆ ಬರೆದುಕೊಂಡಿದ್ದರೆ ಆ ಕತೆಗಳು ‘ಬ’ದಲ್ಲೋ ‘ಕ’ದಲ್ಲೋ ‘ಮ’ದಲ್ಲೋ ಇರುತ್ತವೆ. ಹುಡುಕುವವರು ‘ಗ’ ನೋಡಿ, ಇಲ್ಲವೆಂದು ಪಟ್ಟಿ ಮುಚ್ಚುತ್ತಾರೆ.

ನಮ್ಮ ದಾಖಲೆಗಳಲ್ಲಿ ಹೆಂಗಸರೇ ಇಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಬರೆಯಲು, ಸಹಿ ಹಾಕಲು, ಆಸ್ತಿ ಹೊಂದಲು ಬಿಡದ ಕಾಲಗಳಲ್ಲಿ ದಾಖಲೆಯೇ ಹುಟ್ಟಲಿಲ್ಲ, ಅದು ಸರಿ. ಆದರೆ ಹುಟ್ಟಿದ ದಾಖಲೆಗಳಲ್ಲೂ ಅವರನ್ನು ಕಳೆದುಹಾಕಿದ್ದು ಸೂಚಿ, ಪಟ್ಟಿ, ಶೀರ್ಷಿಕೆ ಬರೆದ ಕೈಗಳು. ಈ ಎರಡನೆಯ ನಷ್ಟವನ್ನು ಇವತ್ತಿಗೂ ತುಂಬಿಕೊಳ್ಳಬಹುದು.

ಯಾವ ಹೆಂಗಸನ್ನು ಹುಡುಕುತ್ತೀರೋ, ಹುಡುಕುವ ಮುನ್ನ ಒಂದು ಹಾಳೆಯಲ್ಲಿ ಆಕೆಯ ಹೆಸರುಗಳನ್ನೆಲ್ಲ ಬರೆದುಕೊಳ್ಳಿ. ತವರಿನ ಹೆಸರು, ಮದುವೆಯಾದ ಮೇಲೆ ಇಟ್ಟ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಕಾವ್ಯನಾಮ, ಗಂಡನ ಪೂರ್ಣ ಹೆಸರು ಮತ್ತು ಇನಿಷಿಯಲ್ಲು, ತಂದೆಯ ಊರು, ಗಂಡನ ಊರು. ಕಾದಂಬರಿಗಾರ್ತಿ ತ್ರಿವೇಣಿ ಅವರ ಕಾಗದಪತ್ರ ಬೇಕಿದ್ದವರು ಅನಸೂಯಾ ಶಂಕರ್ ಎಂದೂ ನೋಡಬೇಕು. ಆಮೇಲೆ ಕಾಗುಣಿತದ ಸರದಿ. ಒಬ್ಬಳೇ ಲಕ್ಷ್ಮಮ್ಮ ಒಂದು ಕಡೆ ಲಕ್ಷ್ಮವ್ವ, ಇನ್ನೊಂದು ಕಡೆ ಲಕ್ಕಮ್ಮ, ಮತ್ತೊಂದು ಕಡೆ ಲಕ್ಷ್ಮೀಬಾಯಿ. ಅಮ್ಮ, ಅವ್ವ, ಅಕ್ಕ, ಬಾಯಿ ಇವು ಸೀಮೆಗೂ ಬರೆದುಕೊಂಡ ಗುಮಾಸ್ತನಿಗೂ ತಕ್ಕಂತೆ ಬದಲಾಗುತ್ತವೆ. ಹಾಗಾಗಿ ಗಣಕದಲ್ಲಿ ಹುಡುಕುವಾಗ ಪೂರ್ತಿ ಹೆಸರು ಕೊಡಬೇಡಿ, ಮೊದಲ ಒಂದೆರಡು ಅಕ್ಷರ ಕೊಟ್ಟು ಬಂದದ್ದನ್ನು ಕಣ್ಣಾರೆ ಜರಡಿ ಹಿಡಿಯಿರಿ. ಸ್ಕ್ಯಾನ್ ಮಾಡಿದ ಪುಟಗಳಿಂದ ಯಂತ್ರ ಎತ್ತಿದ ಪಠ್ಯದಲ್ಲಿ ಒತ್ತಕ್ಷರಗಳು ಮೊದಲು ಕೆಡುತ್ತವೆ, ನಮ್ಮ ಹೆಣ್ಣುಹೆಸರುಗಳಲ್ಲಿ ಒತ್ತಕ್ಷರವೇ ಹೆಚ್ಚು. ಯುನಿಕೋಡ್ ಬರುವ ಮೊದಲಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪಾದ ಕಡತಗಳು ಇವತ್ತಿನ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಪರಿವರ್ತಕದಲ್ಲಿ ಹಾಯಿಸಿ ನೋಡುವ ತನಕ ‘ಇಲ್ಲ’ ಎನ್ನಬೇಡಿ.

ಕಂದಾಯ ಮತ್ತು ನೋಂದಣಿ ದಾಖಲೆಗಳ ರೂಢಿ ಬೇರೆ. ಹಳೆ ಮೈಸೂರಿನ ಕಡೆ ಗಂಡಸಿನ ಹೆಸರಿನ ಮುಂದೆ ‘ಬಿನ್’ (ಇಂಥವರ ಮಗ), ಹೆಂಗಸಿನ ಹೆಸರಿನ ಮುಂದೆ ‘ಕೋಂ’ (ಇಂಥವರ ಹೆಂಡತಿ) ಎಂದು ಬರೆದು ಸಂಬಂಧ ಹೇಳುತ್ತಾರೆ. ಮುಂಬೈ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ‘ನೀಲವ್ವ ಗಂಡ ಬಸಪ್ಪ’ ಎಂಬ ಬಗೆ ಸಾಮಾನ್ಯ. ಪಟ್ಟಿ ತಯಾರಿಸುವವರು ಎಷ್ಟೋ ಸಲ ‘ಗಂಡ’ ಪದದ ನಂತರದ್ದನ್ನೇ ಮುಖ್ಯ ಹೆಸರೆಂದು ಎತ್ತಿಕೊಳ್ಳುತ್ತಾರೆ. ಬಸಪ್ಪನ ಹೆಸರಿನಲ್ಲಿರುವ ನಮೂದನ್ನೂ ತೆಗೆದು ನೋಡಿದರೆ ಕ್ರಯಪತ್ರ ನೀಲವ್ವನದಾಗಿರುವುದುಂಟು.

ಹೆಸರಿನ ಈ ತೊಡಕು ಬರೀ ಸಂಶೋಧಕರ ಕಷ್ಟವಲ್ಲ. 1951–52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ, ಬಹಳ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದ ನಮೂದು ಸಲ್ಲದು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆ ಇದು ಹೆಚ್ಚು. ಆತನ ನಿಲುವು ಕಠಿಣವಾಯಿತು ಎನ್ನುವವರಿದ್ದಾರೆ. ಮುಂದಿನ ಪಟ್ಟಿಗಳಲ್ಲಿ ಹೆಸರು ಬರೆಸುವಂತೆ ಮಾಡಿದ್ದು ಆ ಕಠಿಣತೆಯೇ ಎಂಬುದು ನನ್ನ ಎಣಿಕೆ.

ಶಾಸನಗಳಿಗೆ ಬರೋಣ. ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಸಂಗ್ರಹದ ಸಂಪುಟಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ, ಕಾಲಾನುಕ್ರಮದ ಪಟ್ಟಿಗಳು ಅರಸರ ಹೆಸರು ಹಿಡಿದು ಹೋಗುತ್ತವೆ. ದಾನಶಾಸನದ ಕಟ್ಟು ಸಾಮಾನ್ಯವಾಗಿ ಹೀಗೆ: ಸ್ತುತಿ, ಅರಸನ ಬಿರುದಾವಳಿ, ಅವನ ಕೆಳಗಿನ ಅಧಿಕಾರಿಗಳು, ದಾನ ಕೊಟ್ಟವರು, ದಾನದ ವಿವರ, ಎಲ್ಲೆಕಟ್ಟು, ಶಾಪಾಶಯ (ದಾನ ಕೆಡಿಸಿದವರಿಗೆ ಹಾಕುವ ಶಾಪ), ಬರೆದವರು, ಕಂಡರಿಸಿದವರು. ಹೆಂಗಸು ಬರುವುದು ಹೆಚ್ಚಾಗಿ ನಡುವಿನ ಸಾಲುಗಳಲ್ಲಿ. ಮೊದಲ ಹತ್ತು ಸಾಲು ಓದಿ ‘ಇದು ಇಂಥ ಅರಸನ ಶಾಸನ’ ಎಂದು ಚೀಟಿ ಬರೆದಿಟ್ಟರೆ ಅವಳು ಹೋದಳು. 10ನೇ ಶತಮಾನದ ಆದಿಯಲ್ಲಿ ಗಂಡ ಸತ್ತ ಮೇಲೆ ನಾಗರಖಂಡ 70 ಎಂಬ ನಾಡಿನ ಆಡಳಿತ ನಡೆಸಿದ ಜಕ್ಕಿಯಬ್ಬೆಯನ್ನು ನಮಗೆ ತಿಳಿಸುವ ಶಾಸನವೂ ರಾಷ್ಟ್ರಕೂಟರ ಲೆಕ್ಕದಲ್ಲೇ ಸಿಗುವಂಥದ್ದು. ಅತ್ತಿಮಬ್ಬೆಯಂಥವರಿಗೆ ಈ ಕಷ್ಟವಿಲ್ಲ: ರನ್ನನಂಥ ಕವಿ ಆಶ್ರಯದಲ್ಲಿದ್ದ, ಲಕ್ಕುಂಡಿಯಲ್ಲಿ 1007ರ ಶಾಸನವಿದೆ. ಉಳಿದವರಿಗೆ ಆ ಭಾಗ್ಯವಿಲ್ಲ. ಪ್ರತಿ ಶಾಸನಕ್ಕೂ ಎರಡು ಚೀಟಿ ಬರೆಯಿರಿ, ಒಂದು ಅರಸನ ಹೆಸರಿಗೆ, ಒಂದು ದಾನ ಕೊಟ್ಟವರ ಹೆಸರಿಗೆ. ಹೆಸರಿನ ಕೊನೆಯ ‘ಅಬ್ಬೆ’, ‘ಅವ್ವೆ’, ‘ಅಕ್ಕ’, ‘ದೇವಿ’ ಮೇಲೆ ಕಣ್ಣಿರಲಿ. ದೇವಾಲಯದ ಸೇವೆಯಲ್ಲಿದ್ದವರನ್ನು ಶಾಸನಗಳು ‘ಸೂಳೆ’, ‘ಪಾತ್ರ’ ಎಂದು ಕರೆಯುತ್ತವೆ. ಮುಜುಗರಪಟ್ಟು ಪಠ್ಯದಲ್ಲಿ ತಿದ್ದಬೇಡಿ. ಹಾಗೆಂದು ನಿಮ್ಮ ಸ್ವಂತ ಟಿಪ್ಪಣಿಯಲ್ಲಿ ಅದೇ ಮಾತನ್ನು ಇಂದಿನ ಅರ್ಥದಲ್ಲಿ ಬಳಸಲೂ ಬೇಡಿ.

ವಚನಗಳಲ್ಲಿ ಬೇರೊಂದು ತೊಡಕು. ವಚನದ ಕೊನೆಗೆ ಬರುವ ಅಂಕಿತವೇ ಬರೆದವರ ಗುರುತು, ಆದರೆ ಎಷ್ಟೋ ಸಲ ಹೆಂಡತಿಯ ಅಂಕಿತ ಗಂಡನ ಅಂಕಿತಕ್ಕೆ ಹತ್ತಿರವಿರುತ್ತದೆ. ಮೋಳಿಗೆ ಮಾರಯ್ಯನದು ‘ನಿಃಕಳಂಕ ಮಲ್ಲಿಕಾರ್ಜುನ’, ಮೋಳಿಗೆ ಮಹಾದೇವಿಯದು ‘ಎನ್ನಯ್ಯ ಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಕೊನೆಯ ಎರಡು ಪದ ಮಾತ್ರ ನೋಡಿ ವಿಂಗಡಿಸುವವರ ಕೈಯಲ್ಲಿ ಅವಳ ವಚನ ಅವನಿಗೆ ಸೇರುತ್ತದೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಂತೂ ಗಂಡ ಮಾರಯ್ಯನ ಹೆಸರೇ ಕೂತಿದೆ. ಇದರ ಎದುರು ಬದಿಯ ಮಾತೂ ಇದೆ. ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ’, ‘ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ’ ಎಂಬ ನಮೂದುಗಳಲ್ಲಿ ಗಂಡನ ಹೆಸರನ್ನು ಆವೇಶದಿಂದ ಕಿತ್ತುಹಾಕಿದರೆ ಇಬ್ಬರು ಕಾಳವ್ವೆಯರು ಒಬ್ಬಳಾಗಿಬಿಡುತ್ತಾರೆ. ಅಲ್ಲಿ ಆ ಹೆಸರು ಗುರುತಿನ ಚೀಟಿ. ಇರಲಿ, ಆದರೆ ‘ಕಾಳವ್ವೆ’ ಮೊದಲು ಬರಲಿ.

ಪತ್ರಿಕೆಗಳಲ್ಲಿ ಕತೆ ಕವಿತೆಗಳನ್ನಷ್ಟೇ ನೋಡುವುದು ಇನ್ನೊಂದು ತಪ್ಪು. ನಂಜನಗೂಡು ತಿರುಮಲಾಂಬ ಕಾದಂಬರಿ ಬರೆದದ್ದಷ್ಟೇ ಅಲ್ಲ, ‘ಸತಿಹಿತೈಷಿಣಿ’ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರಡಿಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ಶುರುಮಾಡಿದ ‘ಸರಸ್ವತಿ’ಯನ್ನು ದಶಕಗಳ ಕಾಲ ನಡೆಸಿದರು. ಸಂಪಾದಕಿ, ಪ್ರಕಾಶಕಿ ಎಂಬ ಈ ಕೆಲಸಗಳ ಗುರುತು ಇರುವುದು ರಕ್ಷಾಪುಟ, ಒಳರಕ್ಷಾಪುಟ, ಅರಿಕೆ, ಚಂದಾ ವಿವರ, ಜಾಹೀರಾತುಗಳಲ್ಲಿ. ಗ್ರಂಥಾಲಯದವರು ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಬೈಂಡ್ ಮಾಡಿಸುವಾಗ ದಪ್ಪ ಕಡಿಮೆಯಾಗಲೆಂದು ಮೊದಲು ಹರಿದು ಎಸೆಯುವುದು ಇದೇ ಪುಟಗಳನ್ನು. ಬೈಂಡ್ ಆಗದ ಬಿಡಿ ಸಂಚಿಕೆ ಯಾರ ಮನೆಯಲ್ಲಾದರೂ ಇದ್ದರೆ ಅದಕ್ಕೆ ಬೆಲೆ ಹೆಚ್ಚು. ಪುಸ್ತಕಗಳಿಗೂ ಇದೇ ಮಾತು, ಬೇರೆ ಬೇರೆ ಮುದ್ರಣಗಳ ಆದಿ ಅಂತ್ಯಗಳನ್ನು ಹೋಲಿಸಬೇಕು. ಗಾಯಕಿ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯವನ್ನು ಮತ್ತೆ ಅಚ್ಚು ಹಾಕಿಸಲು ಹೊರಟದ್ದೇ, ಹಿಂದಿನ ಅಚ್ಚಿನಲ್ಲಿ ಭಾಗಗಳು ಬಿಟ್ಟುಹೋಗಿವೆ ಎಂದು ಕಂಡದ್ದರಿಂದ.

ಮನೆಯ ಕಾಗದಪತ್ರಗಳ ವಿಚಾರದಲ್ಲಿ ಸಮಯ ಎಲ್ಲಕ್ಕಿಂತ ಕಡಿಮೆ. ಅಜ್ಜ ತೀರಿಕೊಂಡರೆ ಅವರ ಡೈರಿ, ಭಾಷಣ, ಮಾನಪತ್ರ ಕಪಾಟಿನಲ್ಲಿ ಉಳಿಯುತ್ತವೆ. ಅಜ್ಜಿಯ ಹಾಡಿನ ಪುಸ್ತಕ, ಮನೆಖರ್ಚಿನ ಲೆಕ್ಕ, ತವರಿನಿಂದ ಬಂದ ಕಾರ್ಡುಗಳು ರದ್ದಿಗೆ ಹೋಗುತ್ತವೆ. ಲೆಕ್ಕದ ಪುಸ್ತಕ ಎಂದರೆ ತಾತ್ಸಾರ ಬೇಡ: ಯಾವ ವರ್ಷ ಯಾವ ಪತ್ರಿಕೆಗೆ ಚಂದಾ ಕಟ್ಟಿದರು, ಯಾರಿಗೆ ಕೈಸಾಲ ಕೊಟ್ಟರು, ಮಗಳ ಶಾಲೆಯ ಫೀಸು ಯಾವ ತಿಂಗಳು ನಿಂತಿತು, ಎಲ್ಲ ಅಲ್ಲೇ. ಶೋಭಾನೆ, ಹಸೆಹಾಡುಗಳ ಕೈಬರಹದ ಪುಸ್ತಕದಲ್ಲಿ ಪಠ್ಯದಷ್ಟೇ ಮುಖ್ಯವಾದದ್ದು ಯಾರಿಂದ ಕೇಳಿ ಬರೆದುಕೊಂಡದ್ದು ಎಂಬ ಅಂಚಿನ ಟಿಪ್ಪಣಿ.

ಇಂಥದ್ದು ಕೈಗೆ ಸಿಕ್ಕರೆ ಮೊದಲು ಯಾವುದನ್ನೂ ವಿಂಗಡಿಸಬೇಡಿ. ಟ್ರಂಕಿನಲ್ಲಿ ಹೇಗಿತ್ತೋ ಹಾಗೇ ಮೇಲಿಂದ ಕೆಳಗೆ ಫೋಟೊ ತೆಗೆದುಕೊಳ್ಳಿ, ಯಾವುದರ ಜೊತೆ ಯಾವುದು ಇತ್ತು ಎಂಬುದೇ ಎಷ್ಟೋ ಸಲ ಬರೆದವರು ಯಾರೆಂದು ಹೇಳುತ್ತದೆ. ತುಕ್ಕು ಹಿಡಿದ ಗುಂಡುಸೂಜಿ, ಕ್ಲಿಪ್ ಮೆಲ್ಲಗೆ ತೆಗೆಯಿರಿ. ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಹಾಳೆಯ ಸಂಖ್ಯೆಯನ್ನು ಮೂಲೆಯಲ್ಲಿ ಮೃದು ಪೆನ್ಸಿಲ್ಲಿನಲ್ಲೇ ಹಾಕಿ. ಸ್ಕ್ಯಾನ್ 300 ಡಿಪಿಐಗಿಂತ ಕಡಿಮೆ ಬೇಡ, ಮಸುಕು ಪೆನ್ಸಿಲ್ ಬರಹಕ್ಕೆ 400 ಇರಲಿ. ಖಾಲಿ ಕಾಣುವ ಹಿಂಬದಿಯನ್ನೂ ಮಾಡಿ. ಮೂಲ ಪ್ರತಿಯನ್ನು ಆಮ್ಲರಹಿತ ಲಕೋಟೆಯಲ್ಲಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಗುಂಪು ಫೋಟೊ ಇದ್ದರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಎಡದಿಂದ ಬಲಕ್ಕೆ ಹೆಸರು ಬರೆಸಿಕೊಳ್ಳಿ. ‘ಶ್ರೀಮತಿ ಮತ್ತು ಶ್ರೀ ರಾಮರಾವ್’ ಎಂದರೆ ಸಾಲದು, ಶ್ರೀಮತಿಯ ಹೆಸರೇನು ಎಂದು ಕೇಳಬೇಕು. ಹೇಳಬಲ್ಲವರು ಇನ್ನು ಹತ್ತು ವರ್ಷ ಕಳೆದರೆ ಸಿಗುವುದಿಲ್ಲ.

ಆಮೇಲೆ ದಾಖಲೆಗಳಿಗೆ ವಿವರಣೆ ಬರೆಯುವ ಕೆಲಸ. ಅಂತರರಾಷ್ಟ್ರೀಯ ಪತ್ರಾಗಾರ ಪರಿಷತ್ತಿನ ‘ಐಸ್ಯಾಡ್-ಜಿ’ ಎಂಬ ವಿವರಣಾ ಮಾನಕದಲ್ಲಿ 26 ಅಂಶಗಳಿವೆ, ಅವುಗಳಲ್ಲಿ ಆರನ್ನು ಬಿಡುವಂತಿಲ್ಲ: ಆಕರ ಸಂಖ್ಯೆ, ಶೀರ್ಷಿಕೆ, ದಾಖಲೆ ಸೃಷ್ಟಿಸಿದವರು, ದಿನಾಂಕ, ಪ್ರಮಾಣ, ವಿವರಣೆಯ ಹಂತ. ಎಡವುವುದು ಮೂರನೆಯದರಲ್ಲಿ. ಗಂಡನ ಹೆಸರಿನಲ್ಲಿ ಬಂದ ಎಂಟು ಪೆಟ್ಟಿಗೆಗಳಲ್ಲಿ ಎರಡು ಪೂರ್ತಿ ಹೆಂಡತಿಯ ಪತ್ರಗಳಾಗಿದ್ದರೂ ‘ಕುಟುಂಬದ ಪತ್ರಗಳು’ ಎಂದು ಬರೆದು ಮುಗಿಸುತ್ತಾರೆ. ಅವನ್ನು ಪ್ರತ್ಯೇಕ ಸರಣಿಯಾಗಿ ಗುರುತಿಸಿ, ಆಕೆಯ ಹೆಸರನ್ನು ಸೃಷ್ಟಿಸಿದವರ ಜಾಗದಲ್ಲಿ ಬರೆಯಿರಿ. ಪೆಟ್ಟಿಗೆಯ ಜಾಗ ಬದಲಿಸಬೇಕಿಲ್ಲ, ನಮೂದು ಬದಲಿಸಿದರೆ ಸಾಕು. ಜೊತೆಗೆ ಒಂದು ಹೆಸರುಪಟ್ಟಿ ಇಡಿ: ಒಪ್ಪಿತ ಹೆಸರು ಒಂದು, ಉಳಿದ ರೂಪಗಳಿಂದೆಲ್ಲ ಅದಕ್ಕೆ ‘ನೋಡಿ’ ಎಂಬ ದಾರಿ. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ — ನೋಡಿ: ಗೌರಮ್ಮ, ಕೊಡಗಿನ’ ಎಂಬ ಒಂದು ಸಾಲು ಎಷ್ಟೋ ಜನರ ವಾರಗಳನ್ನು ಉಳಿಸುತ್ತದೆ. ಮೂಲದ ಶೀರ್ಷಿಕೆಯನ್ನು ತಿದ್ದಬೇಡಿ, ನಿಮ್ಮ ಸೇರ್ಪಡೆ ಚೌಕಾವರಣದಲ್ಲಿರಲಿ. ಗುರುತು ಊಹೆಯಾಗಿದ್ದರೆ ‘ಬಹುಶಃ’ ಎಂದು ಬರೆದು ಕಾರಣವನ್ನೂ ಬರೆಯಿರಿ, ಸಹಿ ಇದೆಯೇ, ಕೈಬರಹ ಹೊಂದುತ್ತದೆಯೇ, ಮನೆಯವರು ಹೇಳಿದ್ದೇ. ಹೆಂಗಸರ ಹೆಸರು ಹೆಚ್ಚಿಸುವ ಉತ್ಸಾಹದಲ್ಲಿ ಊಹೆಯನ್ನು ಸತ್ಯವೆಂದು ನಮೂದಿಸಿದರೆ ಮುಂದೆ ಸರಿಯಾದ ನಮೂದುಗಳನ್ನೂ ಯಾರೂ ನಂಬುವುದಿಲ್ಲ. ‘ಸಾಧ್ವಿ’, ‘ಪತಿಗೆ ತಕ್ಕ ಸತಿ’ಯಂಥ ಬಿರುದುಗಳು ವಿವರಣೆಯಲ್ಲಿ ಬೇಡವೇ ಬೇಡ, ಆಕೆ ಏನು ಮಾಡಿದರು ಎಂಬುದನ್ನು ಕ್ರಿಯಾಪದದಲ್ಲಿ ಹೇಳಿ. ಬದುಕಿರುವವರ ಆರೋಗ್ಯ, ಮನೆಜಗಳದ ಪತ್ರಗಳಿದ್ದರೆ ಎಷ್ಟು ವರ್ಷ ಮುಚ್ಚಿಡಬೇಕೆಂದು ಕೊಟ್ಟವರಿಂದ ಲಿಖಿತವಾಗಿ ಪಡೆಯಿರಿ.

ಸಾರ್ವಜನಿಕ ಬದುಕಿನ ಲೆಕ್ಕ ತೆಗೆಯುವವರು ಬರೀ ತಲೆ ಎಣಿಸಿ ನಿಲ್ಲುತ್ತಾರೆ. ಆ ಎಣಿಕೆಯೂ ಬೇಕು. 1915ರಿಂದ ನಡೆಯುತ್ತಿರುವ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರು, ಜಯದೇವಿತಾಯಿ ಲಿಗಾಡೆ, ಸಿಕ್ಕಿದ್ದು 1974ರಲ್ಲಿ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಒಂದೂ ಹೆಂಗಸಿಗೆ ಬಂದಿಲ್ಲ. ಸ್ಥಳೀಯ ಸಂಸ್ಥೆಗಳಲ್ಲಿ ಚಿತ್ರ ಬೇರೆ: ಕರ್ನಾಟಕದ 1983ರ ಕಾಯ್ದೆ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಅದರಂತೆ ಚುನಾವಣೆ ನಡೆಯಿತು, ಸಂವಿಧಾನದ 73ನೇ ತಿದ್ದುಪಡಿ ಮೂರನೇ ಒಂದು ಭಾಗ ಎಂದಿತು, 2010ರಲ್ಲಿ ಕರ್ನಾಟಕ ಅದನ್ನು ಶೇ. 50ಕ್ಕೆ ಏರಿಸಿತು. ಆದರೆ ಗ್ರಾಮ ಪಂಚಾಯಿತಿಯ ನಡಾವಳಿ ಪುಸ್ತಕ ತೆರೆದರೆ ‘ಸದಸ್ಯರು ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿದರು’ ಎಂಬ ಒಂದೇ ಸಾಲಿರುತ್ತದೆ. ಯಾರು ವಿಷಯ ಎತ್ತಿದರು, ಯಾರು ಒಪ್ಪಲಿಲ್ಲ ಎಂಬುದು ಮಾಯ. ಹಾಜರಿ ಪುಸ್ತಕದ ಸಹಿ, ನಡಾವಳಿಯ ಸೂಚಕರು–ಅನುಮೋದಕರ ಹೆಸರು, ಸದಸ್ಯೆ ಕೊಟ್ಟ ಲಿಖಿತ ಅರ್ಜಿ, ಈ ಮೂರನ್ನೂ ಪಕ್ಕದಲ್ಲಿಟ್ಟು ಓದಬೇಕು. ಹಾಜರಿಯಲ್ಲಿ ಸಹಿ ಇದ್ದು ಎರಡು ವರ್ಷದ ನಡಾವಳಿಯಲ್ಲಿ ಒಮ್ಮೆಯೂ ಸೂಚಕರಾಗಿ ಹೆಸರಿಲ್ಲದಿದ್ದರೆ ಆಕೆ ಮಾತಾಡಿಲ್ಲ ಎಂದು ಬರೆದುಬಿಡಬೇಡಿ, ಕಾರ್ಯದರ್ಶಿ ಬರೆದುಕೊಂಡಿಲ್ಲದಿರಬಹುದು. ಸದಸ್ಯೆಯರಿಗೆ ಹೇಳುವುದಿದ್ದರೆ ಇಷ್ಟು: ಪ್ರಸ್ತಾಪವನ್ನು ಬಾಯಲ್ಲಿ ಹೇಳಿ ಬಿಡದೆ ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಪೂರ್ತಿ ಹೆಸರಿನಲ್ಲಿ ಸಹಿ ಮಾಡಿ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಮನೆಯಲ್ಲಿಡಿ.